ಬೇಡವಾದರೆ ತೆಗೆಸಬಹುದು ಎಂಬ ಸಮಾಧಾನ

ತೂಕ ಇಳಿಸುವ ಆಪರೇಷನ್ ಮಾಡಿಸಿಕೊಳ್ಳಲೋ ಬೇಡವೋ ಎಂದು ಯೋಚಿಸುತ್ತಿರುವವರ ಜೊತೆ ಮಾತಿಗೆ ಕೂತರೆ ಗ್ಯಾಸ್ಟ್ರಿಕ್ ಬ್ಯಾಂಡಿನ ಹೆಸರು ಬೇಗನೆ ಬರುತ್ತದೆ. ಮೊಬೈಲಿನಲ್ಲಿ ಓದಿರುತ್ತಾರೆ, ಇಲ್ಲವೇ ಅಮೆರಿಕದಲ್ಲಿರುವ ಅಣ್ಣನೋ ನಾದಿನಿಯೋ ಹೇಳಿರುತ್ತಾರೆ. ಮನಸ್ಸು ಅದರ ಕಡೆಗೇ ಯಾಕೆ ವಾಲುತ್ತದೆ ಎಂಬುದು ತಿಳಿಯದ ವಿಷಯವೇನಲ್ಲ. ಸ್ಲೀವ್ ಎಂದರೆ ಜಠರದ ಮುಕ್ಕಾಲು ಪಾಲನ್ನು ಕತ್ತರಿಸಿ ಹೊರಗೆ ತೆಗೆಯುವುದು. ಬೈಪಾಸ್ ಎಂದರೆ ಜಠರದ ಮೇಲ್ತುದಿಯನ್ನು ಪುಟ್ಟ ಚೀಲವಾಗಿ ಬೇರ್ಪಡಿಸಿ, ಸಣ್ಣ ಕರುಳನ್ನು ಮೇಲಕ್ಕೆ ತಂದು ಅದಕ್ಕೆ ಜೋಡಿಸುವುದು. ಬ್ಯಾಂಡಿನಲ್ಲಿ ಕತ್ತರಿಸುವುದೂ ಇಲ್ಲ, ಜೋಡಿಸುವುದೂ ಇಲ್ಲ. ಜಠರದ ಮೇಲ್ಭಾಗಕ್ಕೆ ಸಿಲಿಕೋನ್ ಪಟ್ಟಿಯೊಂದನ್ನು ತೊಡಿಸಿದರೆ ಆಯಿತು. ಸರಿಹೋಗದಿದ್ದರೆ ಏನು ಮಾಡುತ್ತೀರಿ ಎಂದರೆ, ‘ಬೇಡವಾದರೆ ತೆಗೆಸಿಬಿಡಬಹುದಲ್ಲ’ ಎನ್ನುತ್ತಾರೆ.

ಈ ಒಂದು ಸಮಾಧಾನದ ಮೇಲೆ ಇಷ್ಟು ದೊಡ್ಡ ತೀರ್ಮಾನವನ್ನು ನಿಲ್ಲಿಸಬಾರದು ಎಂಬುದು ನನ್ನ ವಾದ. ಆಪರೇಷನ್ನೇ ಬೇಡ ಎಂದು ನಾನು ಹೇಳುತ್ತಿಲ್ಲ. ತೀವ್ರ ಬೊಜ್ಜಿನಿಂದ ನರಳುವ ಎಷ್ಟೋ ಜನರಿಗೆ ಅದು ನಿಜವಾಗಿ ಬೇಕು. ಬೇಕಾಗಿದ್ದೂ ಅಂಜಿಕೆಗೋ ನಾಚಿಕೆಗೋ ದುಡ್ಡಿಲ್ಲದ್ದಕ್ಕೋ ದೂರ ಉಳಿದವರು ನಮ್ಮ ನಡುವೆ ಬೇಕಾದಷ್ಟಿದ್ದಾರೆ. ಆದರೆ ಹೆದರಿಕೆ ಕಡಿಮೆ ಮಾಡುವ ಆಪರೇಷನ್ ಯಾವುದು ಎಂದು ಹುಡುಕಲು ಹೊರಟವರು, ಕಾಯಿಲೆ ಕಡಿಮೆ ಮಾಡುವ ಆಪರೇಷನ್ ಯಾವುದು ಎಂದು ಕೇಳುವುದನ್ನೇ ಮರೆಯುತ್ತಾರೆ. ಬ್ಯಾಂಡಿನ ಮೂವತ್ತು ವರ್ಷಗಳ ಚರಿತ್ರೆಯನ್ನು ಓದಿದಾಗ ನನಗೆ ಕಂಡದ್ದು ಇದು.

ಬ್ಯಾಂಡು ಕೆಲಸ ಮಾಡುವ ಬಗೆ ಸರಳ. ಪಟ್ಟಿ ತೊಡಿಸಿದ ಮೇಲೆ ಅದರ ಮೇಲುಗಡೆ ಎರಡು ಚಮಚ ಹಿಡಿಸುವಷ್ಟು ಪುಟ್ಟ ಚೀಲ ಉಳಿಯುತ್ತದೆ. ತಿಂದದ್ದು ಅಲ್ಲಿ ತುಂಬಿ, ಕಿರಿದಾದ ದಾರಿಯಲ್ಲಿ ನಿಧಾನವಾಗಿ ಕೆಳಗಿಳಿಯಬೇಕು. ಪಟ್ಟಿಯ ಒಳಮೈಯಲ್ಲಿ ಸೈಕಲ್ ಟ್ಯೂಬಿನ ಹಾಗೆ ಊದಿಕೊಳ್ಳುವ ಭಾಗವಿರುತ್ತದೆ. ಅದರಿಂದ ಹೊರಟ ತೆಳುವಾದ ಕೊಳವೆ ಹೊಟ್ಟೆಯ ಚರ್ಮದ ಕೆಳಗೆ ಕೂರಿಸಿದ ಪೋರ್ಟ್ ಎಂಬ ಸಣ್ಣ ಡಬ್ಬಿಗೆ ಸೇರುತ್ತದೆ. ವೈದ್ಯರು ಸೂಜಿ ಚುಚ್ಚಿ ಸಲೈನ್ ತುಂಬಿದರೆ ಪಟ್ಟಿ ಬಿಗಿಯಾಗುತ್ತದೆ, ತೆಗೆದರೆ ಸಡಿಲವಾಗುತ್ತದೆ. ಹೀಗೆ ಊದಿಸಬಲ್ಲ ಪಟ್ಟಿಯನ್ನು 1980ರ ದಶಕದಲ್ಲಿ ರೂಪಿಸಿದವರು ಉಕ್ರೇನ್ ಮೂಲದ ಅಮೆರಿಕನ್ ವೈದ್ಯ ಲುಬೊಮಿರ್ ಕುಜ್ಮಾಕ್. ಹೊಟ್ಟೆಯನ್ನು ದೊಡ್ಡದಾಗಿ ಕೊಯ್ಯದೆ, ಲ್ಯಾಪರೋಸ್ಕೋಪಿಯಲ್ಲಿ ಅದನ್ನು ಮನುಷ್ಯರಿಗೆ ತೊಡಿಸಿ ತೋರಿಸಿದವರು ಇಥಿಯೋಪಿಯಾದಲ್ಲಿ ಹುಟ್ಟಿ ಬೆಲ್ಜಿಯಂನಲ್ಲಿ ನೆಲೆಸಿದ ಮಿತಿಕು ಬೆಲಾಚೆವ್, ಅದು 1993ರಲ್ಲಿ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2001ರಲ್ಲಿ ಒಪ್ಪಿಗೆ ಕೊಟ್ಟಿತು. ಮುಂದಿನ ಹತ್ತು ವರ್ಷ ಬ್ಯಾಂಡಿನದೇ ಕಾಲ. 2011ರ ಹೊತ್ತಿಗೆ ಅಮೆರಿಕದಲ್ಲಿ ನಡೆಯುತ್ತಿದ್ದ ತೂಕ ಇಳಿಸುವ ಆಪರೇಷನ್‌ಗಳಲ್ಲಿ ಮೂರಕ್ಕೊಂದಕ್ಕಿಂತ ಹೆಚ್ಚು ಬ್ಯಾಂಡಿನವೇ ಆಗಿದ್ದವು. ಮೊದಲು ತೀವ್ರ ಬೊಜ್ಜಿನವರಿಗೆ ಮಾತ್ರ ಇದ್ದ ಒಪ್ಪಿಗೆಯನ್ನು ಅದೇ ವರ್ಷ ಎಫ್‌ಡಿಎ, 30ರಿಂದ 35ರ ನಡುವಿನ ಬಿಎಂಐ (ತೂಕವನ್ನು ಎತ್ತರಕ್ಕೆ ಹೊಂದಿಸಿ ನೋಡುವ ಅಳತೆ) ಇದ್ದು ಜೊತೆಗೆ ಬೇರೆ ಕಾಯಿಲೆಯೂ ಇರುವವರಿಗೆ ವಿಸ್ತರಿಸಿತು.

ಅದಾದ ಏಳೆಂಟು ವರ್ಷಗಳಲ್ಲಿ ಆ ಮೂರನೇ ಒಂದು ಪಾಲು ನೂರಕ್ಕೆ ಒಂದರ ಮಟ್ಟಕ್ಕೆ ಕುಸಿಯಿತು. ಭಾರತದಲ್ಲೂ ಇಂದು ಬ್ಯಾಂಡ್ ಅಪರೂಪ. ಒಂದು ಚಿಕಿತ್ಸೆ ಇಷ್ಟು ಬೇಗ ಮೇಲೇರಿ ಇಷ್ಟು ಬೇಗ ಮೂಲೆಗೆ ಸರಿದದ್ದು ಯಾಕೆ?

ಆಪರೇಷನ್ ಟೇಬಲ್ ಮೇಲೆ ಅದು ಅಪಾಯಕಾರಿಯಾಗಿತ್ತು ಎಂದಲ್ಲ. ಬ್ಯಾಂಡು ಆ ಮಟ್ಟಿಗೆ ಎಲ್ಲಕ್ಕಿಂತ ಸುರಕ್ಷಿತವೇ. 2009ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಅಧ್ಯಯನವೊಂದರಲ್ಲಿ ತೂಕ ಇಳಿಸುವ ಆಪರೇಷನ್ ಆದ 4,776 ಜನರಲ್ಲಿ ಮೂವತ್ತು ದಿನಗಳೊಳಗೆ ಸತ್ತವರು ಸಾವಿರಕ್ಕೆ ಮೂವರು. ಬ್ಯಾಂಡ್ ಹಾಕಿಸಿಕೊಂಡವರಲ್ಲಿ ಒಬ್ಬರೂ ಇಲ್ಲ. ತೊಂದರೆ ಶುರುವಾದದ್ದು ಮೊದಲ ತಿಂಗಳಲ್ಲಲ್ಲ, ಐದನೆಯ, ಹತ್ತನೆಯ ವರ್ಷಗಳಲ್ಲಿ. ಪಟ್ಟಿ ಜಾರುತ್ತದೆ. ಮೇಲಿನ ಚೀಲ ಹಿಗ್ಗುತ್ತದೆ. ಕೆಲವರಲ್ಲಿ ಸಿಲಿಕೋನ್ ಜಠರದ ಗೋಡೆಯನ್ನೇ ಕೊರೆದು ಒಳಗೆ ಹೋಗುತ್ತದೆ. ಪೋರ್ಟು ಮಗುಚಿಕೊಳ್ಳುತ್ತದೆ, ಇಲ್ಲವೇ ಅಲ್ಲಿ ಸೋಂಕಾಗುತ್ತದೆ. ಬ್ರಸೆಲ್ಸ್‌ನ ವೈದ್ಯರು 1990ರ ದಶಕದ ನಡುವಿನಲ್ಲಿ ಬ್ಯಾಂಡ್ ಹಾಕಿಸಿಕೊಂಡವರನ್ನು ಹನ್ನೆರಡು ವರ್ಷಗಳ ಆಚೆಗೆ ಕರೆದು ಪರೀಕ್ಷಿಸಿದರು. ಅರ್ಧದಷ್ಟು ಜನ ಅಷ್ಟರಲ್ಲಿ ಬ್ಯಾಂಡ್ ತೆಗೆಸಿಬಿಟ್ಟಿದ್ದರು. ನೂರಕ್ಕೆ 60 ಮಂದಿಗೆ ಮತ್ತೊಂದು ಆಪರೇಷನ್ ಆಗಿತ್ತು. ಅಮೆರಿಕದಲ್ಲಿ ಮೆಡಿಕೇರ್ ಎಂಬ ಸರ್ಕಾರಿ ವಿಮೆಯಡಿ ಬ್ಯಾಂಡ್ ಹಾಕಿಸಿಕೊಂಡ 25 ಸಾವಿರ ಜನರ ದಾಖಲೆಗಳನ್ನು ನೋಡಿದ 2017ರ ಅಧ್ಯಯನದಲ್ಲಿ ಇನ್ನೊಂದು ಸಂಗತಿ ಹೊರಬಿತ್ತು: ಬ್ಯಾಂಡಿಗಾಗಿ ವಿಮೆ ಕೊಟ್ಟ ಹಣದಲ್ಲಿ ಅರ್ಧಕ್ಕೆ ಹತ್ತಿರದಷ್ಟು ಖರ್ಚಾದದ್ದು ಹಾಕಿದ್ದನ್ನು ಸರಿಪಡಿಸುವುದಕ್ಕೆ, ತೆಗೆಯುವುದಕ್ಕೆ.

ತೂಕದ ಲೆಕ್ಕದಲ್ಲೂ ಬ್ಯಾಂಡ್ ಹಿಂದೆ ಬಿತ್ತು. ಬ್ರಿಟನ್ನಿನಲ್ಲಿ ಬ್ರಿಸ್ಟಲ್ ವಿಶ್ವವಿದ್ಯಾಲಯದವರು ಮುನ್ನಡೆಸಿದ, 2025ರಲ್ಲಿ ಫಲಿತಾಂಶ ಪ್ರಕಟಿಸಿದ ಅಧ್ಯಯನವೊಂದಿದೆ. ಸಾವಿರದ ಮುನ್ನೂರಕ್ಕೂ ಹೆಚ್ಚು ಜನರನ್ನು ಚೀಟಿ ಎತ್ತಿದ ಹಾಗೆ ಮೂರು ಗುಂಪು ಮಾಡಿ ಬೈಪಾಸ್, ಸ್ಲೀವ್, ಬ್ಯಾಂಡ್ ಮೂರನ್ನೂ ಹೋಲಿಸಿದರು. ಇರಬೇಕಾದ್ದಕ್ಕಿಂತ ಹೆಚ್ಚಿರುವ ತೂಕದಲ್ಲಿ ಅರ್ಧವನ್ನಾದರೂ ಮೂರು ವರ್ಷದ ಹೊತ್ತಿಗೆ ಇಳಿಸಿಕೊಂಡಿದ್ದವರು ಬೈಪಾಸಿನಲ್ಲಿ ನೂರಕ್ಕೆ 68, ಸ್ಲೀವಿನಲ್ಲಿ 41, ಬ್ಯಾಂಡಿನಲ್ಲಿ 25.

ಬ್ಯಾಂಡಿನ ಸೋಲಿಗೆ ರೋಗಿಗಳನ್ನೇ ದೂರುವವರು ಆಗಲೂ ಇದ್ದರು, ಈಗಲೂ ಇದ್ದಾರೆ. ಹೇಳಿದ ಹಾಗೆ ತಿನ್ನಲಿಲ್ಲ, ಬಾಯಿ ಕಟ್ಟಲಿಲ್ಲ ಎನ್ನುತ್ತಾರೆ. ಅದು ನ್ಯಾಯವಲ್ಲ ಎಂದು ಅರ್ಥವಾಗಬೇಕಾದರೆ ಬ್ಯಾಂಡ್ ತೊಟ್ಟವರ ಊಟದ ತಟ್ಟೆಯನ್ನೇ ನೋಡಬೇಕು. ಪ್ರತಿ ತುತ್ತನ್ನೂ ಇಪ್ಪತ್ತು ಸಲ ಅಗಿದು, ಹಿಟ್ಟು ಮಾಡಿ ನುಂಗಬೇಕು ಎಂಬುದು ಬ್ಯಾಂಡಿನ ಮೊದಲ ನಿಯಮ. ಹಳೇ ಮೈಸೂರಿನ ಕಡೆಯವರಾದ ನಾವು ರಾಗಿ ಮುದ್ದೆಯನ್ನು ಅಗಿಯುವುದೇ ಇಲ್ಲ. ಮುರಿದು, ಸಾರಿನಲ್ಲಿ ಅದ್ದಿ, ಹಾಗೇ ಗುಳುಕ್ಕನೆ ನುಂಗುತ್ತೇವೆ. ಅಂಥದೊಂದು ತುತ್ತು ಬ್ಯಾಂಡಿನ ಬಾಯಲ್ಲಿ ಕೂತರೆ ಎದೆ ಹಿಂಡಿದಂತಾಗಿ, ಬಾಯಿ ತುಂಬ ಜೊಲ್ಲು ಉಕ್ಕಿ, ವಾಂತಿಯಾಗುವವರೆಗೂ ಬಿಡುಗಡೆ ಇಲ್ಲ. ಮೆತ್ತಗಿನ ಅನ್ನ, ಚಪಾತಿ, ಬ್ರೆಡ್ಡು ಎಲ್ಲವೂ ಉಂಡೆಯಾಗಿ ಸಿಕ್ಕಿಕೊಳ್ಳುವ ಪದಾರ್ಥಗಳೇ. ಕೋಳಿಮಾಂಸ, ಸೊಪ್ಪಿನ ನಾರು ಕೂಡ ಕಷ್ಟ. ಇನ್ನು ಸಲೀಸಾಗಿ ಇಳಿಯುವುದು ಯಾವುದು? ಐಸ್‌ಕ್ರೀಮು, ಪಾಯಸ, ಜ್ಯೂಸು, ಬಾಯಲ್ಲಿಟ್ಟರೆ ಪುಡಿಯಾಗುವ ಚಿಪ್ಸು, ಬಿಸ್ಕತ್ತು. ತಿನ್ನಬೇಕಾದ್ದನ್ನೆಲ್ಲ ತಡೆದು, ತಿನ್ನಬಾರದ್ದನ್ನೆಲ್ಲ ಒಳಗೆ ಬಿಡುವ ಬಾಗಿಲು ಅದು. ದಿನಕ್ಕೆ ಮೂರು ಹೊತ್ತು ಆ ಬಾಗಿಲ ಮುಂದೆ ನಿಲ್ಲುವ ಮನುಷ್ಯನಿಗೆ ಕ್ರಮೇಣ ಯಾವುದು ಅಭ್ಯಾಸವಾಗುತ್ತದೆ ಎಂದು ಊಹಿಸುವುದು ಕಷ್ಟವಲ್ಲ.

ಇದಕ್ಕಿಂತ ಆಳದ ಕಾರಣ ಹಸಿವಿನಲ್ಲಿದೆ. ದಪ್ಪಗಿರುವವರಿಗೆ ನಮ್ಮ ಸಮಾಜ ಕೊಡುವ ಬುದ್ಧಿಮಾತು ಒಂದೇ: ಬಾಯಿ ಕಟ್ಟು, ಬೆಳಿಗ್ಗೆ ಎದ್ದು ನಡೆ. ‘ಊಟ ಬಲ್ಲವನಿಗೆ ರೋಗವಿಲ್ಲ’ ಎಂಬ ಗಾದೆ ಎಲ್ಲರ ನಾಲಗೆಯ ಮೇಲಿದೆ. ಹತ್ತು ಕಿಲೋ ಹೆಚ್ಚಿರುವವರಿಗೆ ಈ ಮಾತು ಉಪಯೋಗವಾದೀತು. ನಲವತ್ತು, ಐವತ್ತು ಕಿಲೋ ಹೆಚ್ಚಿರುವವರ ವಿಷಯದಲ್ಲಿ ದೇಹವೇ ಎದುರಾಳಿಯಾಗಿ ನಿಲ್ಲುತ್ತದೆ ಎಂಬುದನ್ನು ವಿಜ್ಞಾನ ಮತ್ತೆ ಮತ್ತೆ ತೋರಿಸಿದೆ. ಮೆಲ್ಬರ್ನ್‌ನಲ್ಲಿ 50 ಜನರನ್ನು ಹತ್ತು ವಾರ ಕಟ್ಟುನಿಟ್ಟಿನ ಪಥ್ಯದಲ್ಲಿಟ್ಟು ತೂಕ ಇಳಿಸಿ, ಆಮೇಲೆ ಒಂದು ವರ್ಷ ಅವರ ರಕ್ತವನ್ನು ಗಮನಿಸಿದರು. ಹಸಿವು ಹುಟ್ಟಿಸುವ ಗ್ರೆಲಿನ್ ಹಾರ್ಮೋನು ವರ್ಷ ಕಳೆದರೂ ಏರಿಯೇ ಇತ್ತು. ಸಾಕು ಎನಿಸುವ ಲೆಪ್ಟಿನ್ ತಗ್ಗಿಯೇ ಇತ್ತು. 2011ರಲ್ಲಿ ಬಂದ ಈ ಫಲಿತಾಂಶವನ್ನು ಬೆಂಬಲಿಸುವಂತೆ 2016ರಲ್ಲಿ ಅಮೆರಿಕದಿಂದ ಇನ್ನೊಂದು ಬಂತು. ಟಿವಿಯಲ್ಲಿ ತೂಕ ಇಳಿಸುವ ಸ್ಪರ್ಧೆಗೆ ನಿಂತು ಸರಾಸರಿ ಐವತ್ತೆಂಟು ಕಿಲೋ ಕಳೆದುಕೊಂಡಿದ್ದ 14 ಜನರನ್ನು ಆರು ವರ್ಷದ ಮೇಲೆ ನೋಡಿದರೆ, ಹೆಚ್ಚಿನವರಿಗೆ ತೂಕದ ಬಹುಪಾಲು ವಾಪಸು ಬಂದಿತ್ತು. ಸುಮ್ಮನೆ ಕೂತಾಗ ದೇಹ ಖರ್ಚು ಮಾಡುವ ಶಕ್ತಿ ಮಾತ್ರ ಅವರ ಗಾತ್ರಕ್ಕೆ ಇರಬೇಕಾದ್ದಕ್ಕಿಂತ ದಿನಕ್ಕೆ 500 ಕ್ಯಾಲೊರಿಯಷ್ಟು ಕಡಿಮೆಯಾಗಿಯೇ ಉಳಿದಿತ್ತು. ಹಠ ಹಿಡಿದು ದುಡಿದು ತೂಕ ಇಳಿಸಿದವರ ಪಾಡು ಇದು. ಇವರನ್ನು ಸೋಮಾರಿಗಳು ಎನ್ನಲು ಯಾರಿಗೆ ಬಾಯಿ ಬರುತ್ತದೆ?

ಸ್ಲೀವ್ ಮತ್ತು ಬೈಪಾಸ್ ಗೆದ್ದದ್ದು ಇಲ್ಲೇ. ಗ್ರೆಲಿನ್ ಹೆಚ್ಚಾಗಿ ತಯಾರಾಗುವುದು ಜಠರದ ಮೇಲಿನ ಉಬ್ಬಿದ ಭಾಗದಲ್ಲಿ. ಸ್ಲೀವಿನಲ್ಲಿ ಕತ್ತರಿಸಿ ತೆಗೆಯುವುದು ಅದನ್ನೇ. ಬೈಪಾಸಿನಲ್ಲಿ ಆಹಾರ ಬೇಗನೆ ಕೆಳಗಿನ ಕರುಳಿಗೆ ತಲುಪಿ, ಹೊಟ್ಟೆ ತುಂಬಿತು ಎಂದು ಮೆದುಳಿಗೆ ತಿಳಿಸುವ ಹಾರ್ಮೋನುಗಳು ಹೆಚ್ಚುತ್ತವೆ. ಸಕ್ಕರೆ ಕಾಯಿಲೆ ಇದ್ದವರಲ್ಲಿ, ತೂಕ ಇಳಿಯುವ ಮೊದಲೇ, ಆಪರೇಷನ್ ಆದ ಕೆಲವೇ ದಿನಗಳಲ್ಲಿ ಸಕ್ಕರೆ ಹತೋಟಿಗೆ ಬರುವುದನ್ನು ವೈದ್ಯರು ಕಂಡಿದ್ದಾರೆ. ಬ್ಯಾಂಡು ಇದ್ಯಾವುದನ್ನೂ ಹೆಚ್ಚಾಗಿ ಮುಟ್ಟುವುದಿಲ್ಲ. ಅದು ದಾರಿಯನ್ನು ಕಿರಿದು ಮಾಡುತ್ತದೆ, ಹಸಿವನ್ನು ಹಾಗೇ ಬಿಡುತ್ತದೆ.

ತೆಗೆಸಬಹುದು ಎಂಬ ಅನುಕೂಲವನ್ನು ಈಗ ಮತ್ತೆ ನೋಡಿ. ಬ್ಯಾಂಡ್ ತೆಗೆಸಿದರೆ ದಾರಿ ಮೊದಲಿನಂತಾಗುತ್ತದೆ, ನಿಜ. ಅದರೊಂದಿಗೆ ತೂಕವೂ ಮೊದಲಿನಂತಾಗುತ್ತದೆ. ವರ್ಷಗಟ್ಟಲೆ ಪಟ್ಟಿ ಕೂತ ಜಾಗದಲ್ಲಿ ಗಾಯದ ಗಂಟು ಬೆಳೆದಿರುತ್ತದೆ; ಮುಂದೆ ಅದೇ ಜಠರದ ಮೇಲೆ ಸ್ಲೀವನ್ನೋ ಬೈಪಾಸನ್ನೋ ಮಾಡುವುದು ಮೊದಲ ಸಲ ಮಾಡುವುದಕ್ಕಿಂತ ಹೆಚ್ಚು ತೊಡಕಿನ ಕೆಲಸ. ಕಾಯಿಲೆ ಜೀವಮಾನದ್ದು. ಚಿಕಿತ್ಸೆಯನ್ನು ಮಾತ್ರ ವಾಪಸು ಮಾಡಬಹುದಾದ ಸರಕಿನಂತೆ ನೋಡಿದರೆ ಅವೆರಡಕ್ಕೂ ಹೊಂದಿಕೆಯಾಗುವುದಿಲ್ಲ.

ಬ್ಯಾಂಡಿನ ಪರವಾಗಿ ಹೇಳಬೇಕಾದ್ದನ್ನೂ ಹೇಳಿಬಿಡುತ್ತೇನೆ. ಮೆಲ್ಬರ್ನ್‌ನ ಪಾಲ್ ಓಬ್ರಿಯನ್ ಮತ್ತು ಅವರ ಸಹೋದ್ಯೋಗಿಗಳು ಬ್ಯಾಂಡಿನಿಂದ ಒಳ್ಳೆಯ ಫಲವನ್ನೇ ಪಡೆದರು. 2008ರಲ್ಲಿ ಅವರು ಪ್ರಕಟಿಸಿದ ಅಧ್ಯಯನದಲ್ಲಿ ಸಕ್ಕರೆ ಕಾಯಿಲೆ ಇತ್ತೀಚೆಗೆ ಬಂದಿದ್ದ 60 ಜನರಿದ್ದರು. ಎರಡು ವರ್ಷದ ಮೇಲೆ, ಬ್ಯಾಂಡ್ ಹಾಕಿಸಿಕೊಂಡ 30 ಜನರಲ್ಲಿ 22 ಮಂದಿಯ ಸಕ್ಕರೆ ಸಹಜ ಮಟ್ಟಕ್ಕೆ ಬಂದಿತ್ತು. ಪಥ್ಯ ಮತ್ತು ಔಷಧದಲ್ಲಿದ್ದ 30 ಜನರಲ್ಲಿ ನಾಲ್ವರದು ಮಾತ್ರ. ಹದಿನೈದು ವರ್ಷದವರೆಗೂ ತೂಕ ಇಳಿದೇ ಇದ್ದ ರೋಗಿಗಳ ದಾಖಲೆಯೂ ಅವರಲ್ಲಿದೆ. ಗುಟ್ಟೇನು ಎಂದರೆ ಆ ತಂಡ ರೋಗಿಗಳನ್ನು ಬಿಟ್ಟುಕೊಡಲಿಲ್ಲ. ಬ್ಯಾಂಡಿಗೆ ಪದೇ ಪದೇ ಸಲೈನ್ ಹೊಂದಿಸಬೇಕು. ಮೊದಲ ವರ್ಷದಲ್ಲಂತೂ ತಿಂಗಳು, ಎರಡು ತಿಂಗಳಿಗೊಮ್ಮೆ ಹೋಗಬೇಕು. ತುಸು ಹೆಚ್ಚು ಬಿಗಿಯಾದರೆ ನೀರೂ ಇಳಿಯದು, ತುಸು ಸಡಿಲವಾದರೆ ಉಪಯೋಗವಿಲ್ಲ. ಬೀದರಿನಿಂದಲೋ ಕಾರವಾರದಿಂದಲೋ ರಾತ್ರಿ ಬಸ್ಸು ಹತ್ತಿ ಬೆಂಗಳೂರಿಗೆ ಬಂದು, ಒಂದು ಸೂಜಿ ಚುಚ್ಚಿಸಿಕೊಂಡು, ಮತ್ತೆ ರಾತ್ರಿ ಬಸ್ಸು ಹತ್ತಬೇಕಾದ ಮನುಷ್ಯ ಎಷ್ಟು ವರ್ಷ ಹಾಗೆ ಬಂದಾನು? ನಡುರಾತ್ರಿ ಬ್ಯಾಂಡ್ ಜಾರಿ ಹೊಟ್ಟೆನೋವು ಬಂದರೆ ತಾಲ್ಲೂಕು ಆಸ್ಪತ್ರೆಯಲ್ಲಿ ಪೋರ್ಟಿಗೆ ಸೂಜಿ ಹಾಕಿ ಸಡಿಲಿಸಲು ಬರುವವರು ಸಿಗುವುದು ದುರ್ಲಭ. ನಮ್ಮ ಪರಿಸ್ಥಿತಿಗೆ ಬ್ಯಾಂಡ್ ಹೊಂದುವುದಿಲ್ಲ ಎಂದು ನಾನು ಹೇಳುವುದು ಇದರಿಂದ.

ಮೆಲ್ಬರ್ನ್‌ನಲ್ಲಿ ಹೀಗಾದರೆ, ಅಮೆರಿಕದಲ್ಲಿ ಬ್ಯಾಂಡು ಸರಕಾಗಿ ಮಾರಾಟವಾಯಿತು. ದಕ್ಷಿಣ ಕ್ಯಾಲಿಫೋರ್ನಿಯಾದ ಹೆದ್ದಾರಿಗಳ ಪಕ್ಕ ತೆಳ್ಳಗಾಗಲು ಈ ನಂಬರಿಗೆ ಫೋನ್ ಮಾಡಿ ಎಂಬ ಫಲಕಗಳು ಸಾಲುಗಟ್ಟಿ ನಿಂತವು. ಅಪಾಯಗಳನ್ನು ಸರಿಯಾಗಿ ತಿಳಿಸದ ಆ ಜಾಹೀರಾತುಗಳಿಗಾಗಿ ಎಫ್‌ಡಿಎ 2011ರ ಡಿಸೆಂಬರಿನಲ್ಲಿ ಅಲ್ಲಿನ ಕೇಂದ್ರಗಳಿಗೆ ಎಚ್ಚರಿಕೆಯ ಪತ್ರ ಬರೆಯಬೇಕಾಯಿತು. ಬೆಂಗಳೂರಿನಲ್ಲೂ ತೆಳ್ಳಗಾಗುವ ಭರವಸೆಯ ಜಾಹೀರಾತುಗಳಿಗೆ ಕೊರತೆಯಿಲ್ಲ. ಜನ ಅವುಗಳಲ್ಲಿ ಯಾವುದು ಏನು ಎಂದು ಬಿಡಿಸಿ ನೋಡುವುದೂ ಇಲ್ಲ. 2022ರ ಮೇ ತಿಂಗಳಲ್ಲಿ 21 ವರ್ಷದ ಕಿರುತೆರೆ ನಟಿಯೊಬ್ಬರು ಕೊಬ್ಬು ತೆಗೆಸುವ ಆಪರೇಷನ್‌ಗೆ ಹೋಗಿ ಬೆಂಗಳೂರಿನಲ್ಲಿ ಪ್ರಾಣ ಕಳೆದುಕೊಂಡರು. ಆ ಸುದ್ದಿಯನ್ನು ನೆನೆದು ‘ತೂಕ ಇಳಿಸೋ ಆಪರೇಷನ್ ಅಂದ್ರೆ ಸಾವು’ ಎಂದು ಹೆದರಿದವರನ್ನು ನಾನು ಬಲ್ಲೆ. ಚರ್ಮದಡಿಯ ಕೊಬ್ಬನ್ನು ಹೀರಿ ತೆಗೆಯುವುದು ಅಂದದ ಚಿಕಿತ್ಸೆ. ಅದರಿಂದ ಸಕ್ಕರೆ ಕಾಯಿಲೆಯೂ ಗುಣವಾಗದು, ಗೊರಕೆಯ ನಡುವೆ ಉಸಿರು ನಿಲ್ಲುವ ತೊಂದರೆಯೂ ಹೋಗದು. ಕಾಯಿಲೆಯ ಚಿಕಿತ್ಸೆಯನ್ನೂ ಅಂದದ ಚಿಕಿತ್ಸೆಯನ್ನೂ ಒಂದೇ ಎಂದುಕೊಂಡರೆ ಎರಡು ಕಡೆಯೂ ನಷ್ಟ: ಬೇಕಾದವರು ಹೆದರಿ ದೂರವಾಗುತ್ತಾರೆ, ಬೇಡದವರು ಮೋಹದಿಂದ ಹತ್ತಿರವಾಗುತ್ತಾರೆ. ಮಗಳ ಮದುವೆಗೆ ಮೊದಲು ತೂಕ ಇಳಿಸಿಬಿಡಿ ಎಂದು ತಂದೆತಾಯಿ ಬಂದರೆ, ಆ ಹುಡುಗಿಗೆ ಬೇಕಾಗಿರುವುದು ಏನು ಎಂದು ಆಕೆಯೊಬ್ಬಳನ್ನೇ ಕೂರಿಸಿ ಕೇಳುವ ವೈದ್ಯರು ಬೇಕು.

ಹಾಗಾದರೆ ಯಾರಿಗೆ ಬೇಕು? ಬಿಎಂಐ ಒರಟು ಅಳತೆಯಾದರೂ ಮೊದಲ ಮೆಟ್ಟಿಲು. ನಮ್ಮ ಜನರಲ್ಲಿ ಕಡಿಮೆ ತೂಕಕ್ಕೇ ಹೊಟ್ಟೆಯ ಸುತ್ತ ಕೊಬ್ಬು ಸೇರಿ ಸಕ್ಕರೆ, ಬಿಪಿ ಬರುವುದರಿಂದ ಭಾರತದ ಬೊಜ್ಜು ಶಸ್ತ್ರಚಿಕಿತ್ಸಕರ ಸಂಘವು ಗೆರೆಯನ್ನು ಕೆಳಗೆ ಎಳೆದಿದೆ: ಬಿಎಂಐ 37.5 ದಾಟಿದವರು, ಇಲ್ಲವೇ 32.5 ದಾಟಿದ್ದು ಜೊತೆಗೆ ಬೊಜ್ಜಿನಿಂದ ಬಂದ ಕಾಯಿಲೆಗಳೂ ಇರುವವರು. 160 ಸೆಂಟಿಮೀಟರ್ ಎತ್ತರದ ಹೆಂಗಸೊಬ್ಬರ ತೂಕ 96 ಕಿಲೋ ಇದ್ದರೆ ಬಿಎಂಐ 37.5 ಆಗುತ್ತದೆ, 83 ಕಿಲೋ ದಾಟಿದರೆ 32.5. 2022ರಲ್ಲಿ ಅಂತರರಾಷ್ಟ್ರೀಯ ಸಂಘಗಳು ಏಷ್ಯಾದವರಿಗೆ 27.5ರಿಂದಲೇ ಈ ಚಿಕಿತ್ಸೆಯನ್ನು ಪರಿಗಣಿಸಬಹುದು ಎಂದವು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ ವಯಸ್ಕರಲ್ಲಿ ಹೆಂಗಸರು ಗಂಡಸರು ಎನ್ನದೆ ನೂರಕ್ಕೆ 30ರಷ್ಟು ಜನ 25ರ ಗೆರೆ ದಾಟಿದ್ದಾರೆ. ಇವರೆಲ್ಲರಿಗೂ ಆಪರೇಷನ್ ಬೇಕಿಲ್ಲ. ಆದರೆ ಬೇಕಾದವರ ಸಂಖ್ಯೆ ಸಣ್ಣದೇನಲ್ಲ.

ಅಂಥವರಿಗೆ ಅದರಿಂದ ಸಿಗುವುದೇನು ಎಂಬುದಕ್ಕೆ ಸ್ವೀಡನ್ನಿನಲ್ಲಿ 1987ರಲ್ಲಿ ಶುರುವಾದ ಅಧ್ಯಯನವೇ ಗಟ್ಟಿ ಸಾಕ್ಷಿ. ಆಪರೇಷನ್ ಆದ 2,010 ಜನರನ್ನೂ, ಅವರಂತೆಯೇ ಇದ್ದು ಆಪರೇಷನ್ ಆಗದ 2,037 ಜನರನ್ನೂ ದಶಕಗಟ್ಟಲೆ ಹಿಂಬಾಲಿಸಿದರು. ಇಪ್ಪತ್ತು ವರ್ಷದ ಮೇಲೂ ಮೊದಲ ಗುಂಪಿನವರ ತೂಕ ಸರಾಸರಿ ನೂರಕ್ಕೆ 18ರಷ್ಟು ಇಳಿದೇ ಇತ್ತು. ಎರಡನೆಯ ಗುಂಪಿನದು ಹೆಚ್ಚುಕಡಿಮೆ ಇದ್ದಲ್ಲೇ ಇತ್ತು. ಆಪರೇಷನ್ ಆದವರು ಸರಾಸರಿ ಮೂರು ವರ್ಷ ಹೆಚ್ಚು ಬದುಕಿದರು ಎಂದು 2020ರ ವರದಿ ಹೇಳಿತು. ಸಾಮಾನ್ಯ ಜನರಷ್ಟು ಆಯುಷ್ಯ ಅವರಿಗೂ ದಕ್ಕಲಿಲ್ಲ ಎಂಬುದನ್ನೂ ಅದೇ ವರದಿ ಹೇಳಿದೆ. ಈ ಎರಡು ಸತ್ಯಗಳನ್ನೂ ರೋಗಿಯ ಮುಂದೆ ಒಟ್ಟಿಗೆ ಇಡಬೇಕು.

ಆಪರೇಷನ್ ಆದ ಮೇಲಿನ ಬದುಕಿನ ಬಗ್ಗೆ ನಾವು ಮಾತಾಡುವುದು ತೀರಾ ಕಡಿಮೆ. ನನ್ನ ಚಿಕ್ಕಮ್ಮನ ಮಗಳಿಗೆ ಸ್ಲೀವ್ ಆಗಿದೆ. ತುಮಕೂರಿನ ಮದುವೆಯೊಂದರಲ್ಲಿ ಅವಳ ಪಕ್ಕ ಊಟಕ್ಕೆ ಕೂತಿದ್ದೆ. ಎಲೆಗೆ ಬಡಿಸಿದ್ದರಲ್ಲಿ ಅವಳು ಮೊದಲು ಕೈ ಹಾಕಿದ್ದು ಹೆಸರುಬೇಳೆ ಕೋಸಂಬರಿಗೆ, ಆಮೇಲೆ ತೊವ್ವೆಗೆ. ಹೊಟ್ಟೆಯಲ್ಲಿರುವ ಸ್ವಲ್ಪ ಜಾಗವನ್ನು ಮೊದಲು ಪ್ರೋಟೀನಿಗೆ ಕೊಡಬೇಕೆಂದು ಅವಳಿಗೆ ಹೇಳಿಕೊಟ್ಟಿದ್ದಾರೆ. ನೀರಿನ ಲೋಟವನ್ನು ಮುಟ್ಟಲಿಲ್ಲ. ಊಟಕ್ಕೆ ಅರ್ಧ ಗಂಟೆ ಮೊದಲೇ ಕುಡಿದು ಮುಗಿಸಿದ್ದಳು. ನಾಲ್ಕು ತುತ್ತಿನ ಮೇಲೆ ಕೈ ನಿಲ್ಲಿಸಿದಳು. ಬಡಿಸುವವರು ಬಂದು, ‘ಏನಮ್ಮ, ಎಲೇಲಿ ಎಲ್ಲಾ ಹಾಗೇ ಇದೆ, ಅಡುಗೆ ಚೆನ್ನಾಗಿಲ್ವಾ?’ ಎಂದರು. ‘ತುಂಬಾ ಚೆನ್ನಾಗಿದೆ ಕಣಣ್ಣ, ಸಾಕು’ ಎಂದಳು. ಎದುರು ಸಾಲಿನ ಹಿರಿಯ ಹೆಂಗಸು ಬಿಡಲಿಲ್ಲ. ಕೊನೆಗೆ ಅವಳು, ‘ಸ್ವಲ್ಪ ಗ್ಯಾಸ್ಟ್ರಿಕ್ಕು ಅತ್ತೆ’ ಎಂದಳು. ಅಲ್ಲಿಗೆ ಎಲ್ಲರೂ ಒಪ್ಪಿಕೊಂಡರು. ಜೀರಿಗೆ ನೀರು ಕುಡಿಯಲು ಹೇಳಿದರು. ಹುಳಿತೇಗಿಗೆ ಸಿಗುವ ಸಹಾನುಭೂತಿ ತನ್ನ ಆಪರೇಷನ್‌ಗೆ ಸಿಗುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು.

ಈ ಮುಚ್ಚಿಡುವಿಕೆ ದೊಡ್ಡವರಲ್ಲೂ ಇದೆ. ನ್ಯೂಜೆರ್ಸಿಯ ಗವರ್ನರ್ ಆಗಿದ್ದ ಕ್ರಿಸ್ ಕ್ರಿಸ್ಟಿ 2013ರ ಫೆಬ್ರವರಿಯಲ್ಲಿ ಬ್ಯಾಂಡ್ ಹಾಕಿಸಿಕೊಳ್ಳಲು ಬೇರೆ ಹೆಸರಿನಲ್ಲಿ ದಾಖಲಾದರು. ಲೋಕಕ್ಕೆ ತಿಳಿದದ್ದು ಮೇ ತಿಂಗಳಲ್ಲಿ. ನಮ್ಮಲ್ಲಿ ನಿತಿನ್ ಗಡ್ಕರಿ, ಅರುಣ್ ಜೇಟ್ಲಿ ಅವರ ಆಪರೇಷನ್‌ಗಳು ಸುದ್ದಿಯಾದದ್ದರಿಂದ ಒಂದಿಷ್ಟು ಒಳ್ಳೆಯದೇ ಆಯಿತು. ಇದು ಕದ್ದು ಮಾಡಿಸಿಕೊಳ್ಳುವ ಕೆಲಸವಲ್ಲ ಎಂದು ಕೆಲವರಿಗಾದರೂ ಅನ್ನಿಸಿತು. ಮುಚ್ಚಿಟ್ಟರೆ ಆಗುವ ನಷ್ಟ ಮನಸ್ಸಿನದಷ್ಟೇ ಅಲ್ಲ. ಆಪರೇಷನ್ ಆದ ವಿಷಯವನ್ನು ಮುಂದೆ ನೋಡುವ ವೈದ್ಯರಿಗೂ ಹೇಳದವರಿದ್ದಾರೆ. ವಿಟಮಿನ್ ಬಿ12, ಕಬ್ಬಿಣ, ವಿಟಮಿನ್ ಡಿ ಇವುಗಳನ್ನು ಜೀವನಪೂರ್ತಿ ನೋಡಿಕೊಳ್ಳಬೇಕು. ಸಸ್ಯಾಹಾರಿಗಳಲ್ಲಿ ಬಿ12 ಮೊದಲೇ ಕಡಿಮೆ ಇರುವುದರಿಂದ ಇನ್ನೂ ಎಚ್ಚರ ಬೇಕು. ವಾರಗಟ್ಟಲೆ ವಾಂತಿಯಾದರೆ ಬಿ1 ಕೊರತೆಯಿಂದ ನರಗಳಿಗೇ ಪೆಟ್ಟಾಗಬಹುದು. ತೂಕ ವೇಗವಾಗಿ ಇಳಿಯುವಾಗ ಪಿತ್ತಕೋಶದಲ್ಲಿ ಕಲ್ಲಾಗಬಹುದು. ಹೆಣ್ಣುಮಕ್ಕಳು ಒಂದೂವರೆ ವರ್ಷದವರೆಗೆ ಬಸಿರಾಗದಿರುವುದು ಒಳ್ಳೆಯದು. ಸ್ಲೀವ್ ಆದವರಲ್ಲಿ ಎದೆಯುರಿ ಹೆಚ್ಚಬಹುದು. ಬೈಪಾಸ್ ಆದವರಿಗೆ ಮದ್ಯ ಬೇಗ ತಲೆಗೇರುತ್ತದೆ, ಚಟವೂ ಆಗಬಹುದು. ಊಟವನ್ನೇ ದುಃಖಕ್ಕೆ ಮದ್ದು ಮಾಡಿಕೊಂಡಿದ್ದವರಿಗೆ ಆ ಮದ್ದು ಏಕಾಏಕಿ ತಪ್ಪಿದಾಗ ಖಿನ್ನತೆ ಬರಬಹುದು. ಆಪ್ತಸಮಾಲೋಚಕರು ತಂಡದಲ್ಲಿ ಇರಲೇಬೇಕು ಎನ್ನುವುದು ಅದಕ್ಕೆ.

ತೂಕ ಇಳಿಸುವ ಚುಚ್ಚುಮದ್ದು ಬಂದಿರುವಾಗ ಕತ್ತರಿ ಯಾಕೆ ಎಂದು ಈಗ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. 2025ರಲ್ಲಿ ಮೌಂಜಾರೊ ಮತ್ತು ವೆಗೊವಿ ಭಾರತಕ್ಕೆ ಬಂದವು. ವೆಗೊವಿಯಲ್ಲಿರುವ ಸೆಮಾಗ್ಲುಟೈಡ್ ತೆಗೆದುಕೊಂಡವರು 68 ವಾರಗಳಲ್ಲಿ ಸರಾಸರಿ ನೂರಕ್ಕೆ 15ರಷ್ಟು ತೂಕ ಇಳಿಸಿಕೊಂಡರು. ಮೌಂಜಾರೊದ ಹೆಚ್ಚಿನ ಪ್ರಮಾಣದಲ್ಲಿ ನೂರಕ್ಕೆ 20ರ ಆಸುಪಾಸು. ಬ್ಯಾಂಡಿನ ಫಲಕ್ಕೆ ಇದು ಸರಿಸಮ, ಅದರ ತೊಡಕುಗಳಿಲ್ಲದೆ. ತೆಗೆಸಬಹುದು ಎಂಬ ಕಾರಣಕ್ಕೆ ಬ್ಯಾಂಡ್ ಬಯಸುವವರು ಮೊದಲು ಇದನ್ನು ಪ್ರಯತ್ನಿಸಲಿ ಎಂದೇ ನಾನು ಹೇಳುವುದು. ಆದರೆ ಇಲ್ಲೂ ಅದೇ ಕಥೆ: ಸೆಮಾಗ್ಲುಟೈಡ್ ನಿಲ್ಲಿಸಿದವರಿಗೆ ಒಂದು ವರ್ಷದಲ್ಲಿ ಕಳೆದ ತೂಕದ ಮೂರನೇ ಎರಡು ಪಾಲು ಮರಳಿ ಬಂತು. ತಿಂಗಳು ತಿಂಗಳೂ ಸಾವಿರಾರು ರೂಪಾಯಿ ಸುರಿಯುವುದನ್ನು ಎಷ್ಟು ವರ್ಷ ಮುಂದುವರಿಸಬಲ್ಲೆ ಎಂಬ ಲೆಕ್ಕ ಹಾಕಿಯೇ ಶುರುಮಾಡಬೇಕು. ಬಿಎಂಐ 45 ಇರುವವರಿಗೆ ಔಷಧವೊಂದೇ ಸಾಲದೆ ಹೋಗಬಹುದು. ಔಷಧ, ಆಪರೇಷನ್ ಎರಡನ್ನೂ ಕೂಡಿಸಿ ಬಳಸುವ ವೈದ್ಯರು ಈಗ ಇದ್ದಾರೆ.

ದುಡ್ಡಿನ ಮಾತಿಗೆ ಬಂದರೆ ವಿಮೆಯ ನಿಯಮ ನಮ್ಮ ದೇಹಗಳನ್ನು ಇನ್ನೂ ಪಶ್ಚಿಮದ ಅಳತೆಗೋಲಿನಲ್ಲೇ ಅಳೆಯುತ್ತಿದೆ. ವಿಮಾ ನಿಯಂತ್ರಣ ಪ್ರಾಧಿಕಾರವು ಜಾರಿಗೆ ತಂದ ಷರತ್ತಿನಂತೆ ಬೊಜ್ಜಿನ ಆಪರೇಷನ್‌ಗೆ ಹಣ ಸಿಗಬೇಕಾದರೆ ಬಿಎಂಐ 40 ಇರಬೇಕು. ಇಲ್ಲವೇ 35 ಇದ್ದು ಹೃದಯದ ಕಾಯಿಲೆ, ತೀವ್ರವಾದ ನಿದ್ರೆಯ ಉಸಿರುಕಟ್ಟು, ಹತೋಟಿಗೆ ಬಾರದ ಸಕ್ಕರೆ ಕಾಯಿಲೆಗಳಲ್ಲಿ ಒಂದಾದರೂ ಇರಬೇಕು. ಅದೇ 160 ಸೆಂಟಿಮೀಟರ್ ಎತ್ತರದ ಹೆಂಗಸು 96 ಕಿಲೋ ಇದ್ದು, ಮೊಣಕಾಲು ಸವೆದು, ಬಿಪಿ ಮಾತ್ರೆ ನುಂಗುತ್ತಿದ್ದರೂ ವಿಮೆಯ ಬಾಗಿಲು ತೆರೆಯುವುದಿಲ್ಲ. ಆಕೆ 102 ಕಿಲೋ ದಾಟುವವರೆಗೆ ಕಾಯಬೇಕು. ಭಾರತೀಯ ವೈದ್ಯರೇ ಒಪ್ಪಿದ ಗೆರೆ ಬೇರೆ ಇರುವಾಗ ಈ ನಿಯಮ ಬದಲಾಗಬೇಕು. ಆಪರೇಷನ್ ದಿನದ ಖರ್ಚಿನ ಜೊತೆಗೆ ಮುಂದಿನ ಐದು ವರ್ಷಗಳ ರಕ್ತಪರೀಕ್ಷೆ, ಆಹಾರತಜ್ಞರ ಭೇಟಿಗಳೂ ಅದೇ ವಿಮೆಯಲ್ಲಿ ಸೇರಬೇಕು. ಶಸ್ತ್ರಚಿಕಿತ್ಸಕರನ್ನು ಕಾಣಲು ಹೋದವರು ಕೇಳಬೇಕಾದ್ದೂ ಇದನ್ನೇ: ಐದು ವರ್ಷದ ಹಿಂದೆ ನಿಮ್ಮಲ್ಲಿ ಆಪರೇಷನ್ ಆದವರಲ್ಲಿ ಎಷ್ಟು ಜನ ಇನ್ನೂ ನಿಮ್ಮ ಬಳಿ ಬರುತ್ತಾರೆ, ಅವರಲ್ಲಿ ಇಬ್ಬರ ಜೊತೆ ಮಾತಾಡಿಸುತ್ತೀರಾ, ತೊಡಕಾದರೆ ಎರಡನೆಯ ಆಪರೇಷನ್ ಖರ್ಚು ಯಾರದು? ಉತ್ತರ ಕೊಡಲು ಹಿಂಜರಿಯುವ ಕಡೆಯಿಂದ ಎದ್ದು ಬನ್ನಿ.

ಈಗಾಗಲೇ ಬ್ಯಾಂಡ್ ಹಾಕಿಸಿಕೊಂಡಿರುವವರು ನಮ್ಮಲ್ಲಿದ್ದಾರೆ. ಹದಿನೈದು ವರ್ಷದ ಹಿಂದೆ ಇಲ್ಲಿ ಹಾಕಿಸಿಕೊಂಡವರು, ವಿದೇಶದಲ್ಲಿ ಹಾಕಿಸಿಕೊಂಡು ಊರಿಗೆ ಮರಳಿದವರು. ತೂಕ ಹತೋಟಿಯಲ್ಲಿದ್ದು, ಊಟ ಸರಾಗವಾಗಿ ಇಳಿಯುತ್ತಿದ್ದರೆ ಅವರು ಗಾಬರಿಯಾಗಿ ತೆಗೆಸಬೇಕಿಲ್ಲ. ರಾತ್ರಿ ಮಲಗಿದಾಗ ಕೆಮ್ಮು, ಬಾಯಿಗೆ ಹುಳಿನೀರು, ಪದೇ ಪದೇ ವಾಂತಿ, ಮೊದಲು ಸಾಕೆನಿಸುತ್ತಿದ್ದ ಊಟ ಇದ್ದಕ್ಕಿದ್ದಂತೆ ಸಾಲದಾಗುವುದು, ಪೋರ್ಟ್ ಇರುವ ಕಡೆ ಕೆಂಪಾಗಿ ನೋಯುವುದು ಕಂಡರೆ ತಡಮಾಡದೆ ಬೊಜ್ಜಿನ ಆಪರೇಷನ್ ಮಾಡುವ ವೈದ್ಯರನ್ನೇ ಕಾಣಬೇಕು. ಬೇರಿಯಂ ಕುಡಿಸಿ ತೆಗೆಯುವ ಎಕ್ಸ್‌ರೇ ಮತ್ತು ಎಂಡೋಸ್ಕೋಪಿಯಲ್ಲಿ ಬ್ಯಾಂಡ್ ಎಲ್ಲಿದೆ, ಹೇಗಿದೆ ಎಂದು ತಿಳಿಯುತ್ತದೆ. ಹಾಕಿದ ಬ್ಯಾಂಡ್ ಯಾವ ಕಂಪನಿಯದು, ಅದರಲ್ಲಿ ಎಷ್ಟು ಸಲೈನ್ ಇದೆ ಎಂದು ಬರೆದ ಕಾಗದವಿದ್ದರೆ ಜೊತೆಗೆ ಒಯ್ಯಬೇಕು. ತೆಗೆಯುವುದೇ ಸರಿ ಎಂದಾದರೆ ಅದೇ ದಿನ ಬೈಪಾಸ್ ಮಾಡುವುದುಂಟು, ಗಾಯ ಮಾಯಲು ಕೆಲವು ತಿಂಗಳು ಬಿಟ್ಟು ಮಾಡುವುದೂ ಉಂಟು. ಬಿಟ್ಟು ಮಾಡುವುದಾದರೆ ನಡುವಿನ ತಿಂಗಳುಗಳಲ್ಲಿ ತೂಕ ಏರದಂತೆ ಯಾವ ಔಷಧ, ಯಾವ ಪಥ್ಯ ಎಂಬುದನ್ನು ಟೇಬಲ್ ಏರುವ ಮೊದಲೇ ವೈದ್ಯರಿಂದ ಬರೆಸಿಕೊಂಡಿರಬೇಕು.